ನಡುಗಡ್ಡೆಯಲ್ಲಿ ಎರಡು ದಿನ

ರಜೆಯೆಂಬುದು ಉಪಾಧ್ಯಾಯನ ಪಾಲಿಗೆ ವರವೂ ಅಹುದು, ಶಾಪವೂ ಅಹುದು. ಕಾಲೇಜು ನಡೆಯುತ್ತಿರುವಾಗ ಮನೆಯವರು ನಮ್ಮನ್ನು ಕ್ಷಮಿಸುತ್ತಾರೆ. ಪಾಠ, ಪರೀಕ್ಷೆ, ಮೌಲ್ಯಮಾಪನ ಎಂಬ ಮೂರು ಗುರಾಣಿಗಳು ಸದಾ ಕೈಯಲ್ಲಿರುತ್ತವೆ. ರಜೆ ಬಂದಿತೆಂದರೆ ಮೂರೂ ಒಮ್ಮೆಲೇ ನೆಲಕ್ಕೆ ಬೀಳುತ್ತವೆ. ಆಗ ಹೆಂಡತಿ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಎಲ್ಲಿಗೆ ಹೋಗೂಣು?”

ಈ ಸಲ ದೀಪಾವಳಿಗೆ ಮುಂಚೆಯೇ ಆ ಪ್ರಶ್ನೆಯನ್ನು ಎಬ್ಬಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹಳಗನ್ನಡ ವ್ಯಾಕರಣದ ತರಗತಿಯಲ್ಲಿ ಸದಾ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದ ಹುಡುಗ. ಅವನು ಏನನ್ನು ನೋಡುತ್ತಿದ್ದನೆಂಬುದು ಆಗ ನನಗೆ ತಿಳಿಯಲಿಲ್ಲ, ಈಗ ತಿಳಿದಿದೆ. ಅವನು ಭೂಮಧ್ಯ ಸಮುದ್ರವನ್ನು ನೋಡುತ್ತಿದ್ದ! ಮಾಲ್ಟಾ ದೇಶದ ಹೊಟೇಲೊಂದರಲ್ಲಿ ಅವನಿಗೆ ಕೆಲಸ ದೊರೆತಿದೆ. ಗುರುಗಳ ನೆನಪಾಗಿ ಅಲ್ಲಿಂದೊಂದು ಚಿತ್ರದ ಕಾರ್ಡನ್ನೂ ಎರಡು ಪುಟದ ಪತ್ರವನ್ನೂ ಕಳಿಸಿದ್ದ.

ಮಾಲ್ಟಾವೇ ಒಂದು ದ್ವೀಪ. ಆದರೆ ಅಲ್ಲಿಯ ಜನಕ್ಕೂ ವಾರವಿಡೀ ದುಡಿದು ಬೇಸರ ಬಂದಾಗ ಇನ್ನೊಂದು ದ್ವೀಪ ಬೇಕಾಗುತ್ತದೆಯಂತೆ. ಅದರ ಹೆಸರು ಗೋಜೋ. ಹಡಗಿನಲ್ಲಿ ಇಪ್ಪತ್ತೈದು ನಿಮಿಷದ ಹಾದಿ. ವಿಸ್ತಾರ 67 ಚದರ ಕಿಲೋಮೀಟರು. ಶನಿವಾರ ಹೋಗಿ ರವಿವಾರ ಮರಳುವವರಿಗೆ ಹೇಳಿ ಮಾಡಿಸಿದ ಸ್ಥಳ. ಸುಣ್ಣದ ಕಲ್ಲಿನ ಹಳದಿ ಮನೆಗಳು, ಇಗರ್ಜಿಯ ಗಂಟೆ, ಬೇಲಿಯಾಚೆ ಸಮುದ್ರ. ಜಗಾಂತಿಯಾ ಎಂಬಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದಾದ ಕಲ್ಲುಗುಡಿಗಳಿವೆ. ‘ಸರ್, ಇಲ್ಲಿ ಸದ್ದೇ ಇಲ್ಲ. ಒಂದು ಸಲ ಬಂದು ಸುಮ್ಮನೆ ಕೂತು ಹೋಗಿರಿ’ ಎಂದು ಪತ್ರ ಮುಗಿಸಿದ್ದ.

ಆ ಕಾರ್ಡು ನಮ್ಮ ಪಡಸಾಲೆಯ ಗೂಡಿನಲ್ಲಿ, ಬಸವಣ್ಣನವರ ಭಾವಚಿತ್ರದ ಮಗ್ಗುಲಲ್ಲಿ ಪ್ರತಿಷ್ಠಾಪಿತವಾಯಿತು. ಐದನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಅದನ್ನು ದಿನಕ್ಕೆ ನಾಲ್ಕು ಸಲ ಕೆಳಗಿಳಿಸಿ ನೋಡುವಳು. ಒಂದು ದಿನ ಕೂಗಿಕೊಂಡಳು: “ಅಪ್ಪಾ, ಇಲ್ಲಿ ನಮ್ಮಂಗ ಲಿಂಬಿಗಿಡ ಅದಾವ!”

ನೋಡಿದೆ. ಅಹುದು. ಚಿತ್ರದ ಮೂಲೆಯ ಅಂಗಳವೊಂದರಲ್ಲಿ ನಿಂಬೆಯ ಗಿಡವೊಂದು ಕಾಯಿ ತುಂಬಿ ನಿಂತಿತ್ತು. ನಮ್ಮ ತಾಂಬಾ ಗ್ರಾಮವಿರುವುದು ಇಂಡಿ ತಾಲೂಕಿನಲ್ಲಿ. ಇಂಡಿಯ ಲಿಂಬೆಯೆಂದರೆ 2023ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಣ್ಣು. ನನ್ನ ತಂದೆ ನೆಟ್ಟು ಹೋದ, ಈಗ ನನ್ನ ಅಣ್ಣ ನೋಡಿಕೊಳ್ಳುವ ಒಂದು ಸಣ್ಣ ಲಿಂಬೆಯ ತೋಟ ನಮಗೂ ಉಂಟು. ಕುತೂಹಲದಿಂದ ಮಾಲ್ಟಾದ ವಿಷಯವನ್ನು ಇನ್ನಷ್ಟು ಓದಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ನಮ್ಮ ವಿಜಯಪುರ ಜಿಲ್ಲೆಯದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಹರಿಯುವ ಜೀವನದಿ ಒಂದೂ ಇಲ್ಲ. ಕುಡಿಯುವ ನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಪಡೆಯುತ್ತಾರೆ. ಬಿಸಿಲು, ಕಲ್ಲು, ನೀಲಿಯ ಆಕಾಶ, ಲಿಂಬೆಯ ಗಿಡ, ನೀರಿನ ತಾಪತ್ರಯ—ಎಲ್ಲವೂ ನಮ್ಮಲ್ಲಿರುವಂತೆಯೇ. ತಾಂಬಾವನ್ನು ಭೂಮಧ್ಯ ಸಮುದ್ರದ ದ್ವೀಪವೆನ್ನಲು ಕೊರತೆಯಾದುದು ಒಂದೇ: ಸಮುದ್ರ.

ಈ ವಾದವನ್ನು ಶ್ರೀಮತಿಯ ಮುಂದಿಟ್ಟೆ. “ಹಂಗಾದ್ರ ಮನ್ಯಾಗ ಕೂಡ್ರೂಣೇನ್ರಿ?” ಎಂದಳು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ವಿಮಾನದ ದರವನ್ನು ವಿಚಾರಿಸಿದ ಮೇಲಂತೂ ನನ್ನ ಬಾಯಿಯಿಂದ ಹೊಸಗನ್ನಡವೂ ಹೊರಡಲಿಲ್ಲ, ಹಳಗನ್ನಡವೂ ಹೊರಡಲಿಲ್ಲ.

ಆಗ ಕನ್ನಡವೇ ನನ್ನ ಕೈ ಹಿಡಿಯಿತು. ‘ದ್ವೀಪ’ವೆಂಬುದು ಸಂಸ್ಕೃತದ ಮಾತು, ಎರಡು ಕಡೆಗೆ ನೀರುಳ್ಳದ್ದೆಂದು ಅದರ ಮೂಲಾರ್ಥ. ನಮ್ಮ ಮಾತು ‘ನಡುಗಡ್ಡೆ’. ನೀರಿನ ನಡುವೆ ಎದ್ದು ನಿಂತ ನೆಲ. ಈ ಮಾತು ಹುಟ್ಟಲು ಸಮುದ್ರವೇ ಬೇಕಾಗಿಲ್ಲ, ಹೊಳೆ ಸಾಕು. ಮಲ್ಪೆಯ ಸಮುದ್ರದಲ್ಲಿ ಕಲ್ಲಿನ ಕಂಬಗಳಿಂದ ಕಟ್ಟಿದಂತಿರುವ ಸೇಂಟ್ ಮೇರಿ ದ್ವೀಪಗಳಿವೆ, ನಿಜ. ಅವು ಎರಡು ದಿನದ ರಜೆಗೆ ದೂರ. ಆದರೆ ನಮ್ಮ ಕೃಷ್ಣೆಯ ಮಡಿಲಲ್ಲಿಯೂ ನಡುಗಡ್ಡೆಗಳಿವೆ. ಲಿಂಗಸುಗೂರು ತಾಲೂಕಿನ ಜಲದುರ್ಗದ ಕೋಟೆ ನಿಂತಿರುವುದು ನಡುಗಡ್ಡೆಯ ಮೇಲೆಯೇ. ಕೂಡಲಸಂಗಮದಲ್ಲಿಯೂ ಒಂದುಂಟು, ಅದು ಹೊಳೆ ಮಾಡಿದುದಲ್ಲ, ಮನುಷ್ಯರು ಮಾಡಿದುದು. “ಸಂಗಮಕ್ಕ ಹೋಗೂಣು. ಶನಿವಾರ ಹೊಂಟು ರವಿವಾರ ಸಂಜೀಕ ಬರೂಣು” ಎಂದೆ. ಮಗಳು ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಅವ್ವ, “ನಾನೂ ಬರತೀನಿ” ಎಂದಳು.

ನಾನೂ ಶ್ರೀಮತಿಯೂ ಮುಖ ಮುಖ ನೋಡಿಕೊಂಡೆವು. ಇದಕ್ಕೊಂದು ಕಾರಣವುಂಟು. ನನ್ನ ಅವ್ವನ ತವರು ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ಎಡದಂಡೆಯ ಮೇಲಿದ್ದ ಒಂದು ಪುಟ್ಟ ಹಳ್ಳಿ. ‘ಇದ್ದ’ ಎಂಬ ಭೂತಕಾಲವನ್ನು ವಾಚಕರು ಗಮನಿಸಬೇಕು. ಅವ್ವ 1978ರಲ್ಲಿ ಲಗ್ನವಾಗಿ ತಾಂಬಾಕ್ಕೆ ಬಂದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ನನ್ನ ಅಕ್ಕ ಹುಟ್ಟಿದುದು ಅಲ್ಲಿಯೇ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರು ಮೆಲ್ಲಮೆಲ್ಲನೆ ಮೇಲಕ್ಕೆ ಏರಿ ಬಂದು ಊರು ಮುಳುಗಿತು. ಊರವರೆಲ್ಲ ಎತ್ತರದ ನೆಲದ ಮೇಲೆ, ಸಾಲಾಗಿ ಗೆರೆ ಎಳೆದು ಹಂಚಿಕೊಟ್ಟ ಜಾಗೆಗಳಿಗೆ ಏರಿ ಹೋದರು. ನಾನು ಹುಟ್ಟುವ ಹೊತ್ತಿಗೆ ಅವ್ವನಿಗೆ ಹೋಗಬೇಕೆಂದರೆ ಅಣ್ಣನ ಮನೆಯಿತ್ತು; ತವರಿರಲಿಲ್ಲ. ಈ ಭೇದವನ್ನು ಅವಳೇ ಮಾಡಿದುದು. ಹೊಸ ಊರಿನ ಮದುವೆ ಮುಂಜಿಗಳಿಗೆಲ್ಲ ಅವಳು ಹೋಗಿ ಬರುವಳು. ಆದರೆ ನಾಲ್ಕು ದಶಕಗಳಿಗೆ ಮಿಕ್ಕಿ ಒಮ್ಮೆಯೂ ಹೊಳೆಯ ದಂಡೆಗೆ ಇಳಿದಿರಲಿಲ್ಲ. ನಾಗರಪಂಚಮಿಯ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುವಾಗ ಅವಳು ಮಾತ್ರ ಹೋಳಿಗೆಯ ಹೂರಣ ರುಬ್ಬುತ್ತ ಒಳಗೇ ಇರುವಳು. ಸಂಗಮದ ಯಾತ್ರೆಗೆ ಎಷ್ಟೋ ಸಲ ಕರೆದಿದ್ದೆವು. “ಮೊಣಕಾಲ ನೋಯ್ತಾವ” ಎನ್ನುವಳು.

ಈ ಸಲ ಮೊಣಕಾಲುಗಳ ಸುದ್ದಿಯೇ ಇಲ್ಲ.

ಶನಿವಾರ ನಸುಕಿನಲ್ಲಿ ಹೊರಟೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಡಬ್ಬಿ ಮೊಸರು. ಗೋಜೋ ದ್ವೀಪಕ್ಕೆ ಹೋಗುವವರು ಏನು ಕಟ್ಟಿಕೊಂಡು ಹೋಗುತ್ತಾರೋ ನಾನರಿಯೆ. ನಮ್ಮ ಕಡೆ ಬುತ್ತಿಯಿಲ್ಲದ ಪ್ರಯಾಣ ಪ್ರಯಾಣವೇ ಅಲ್ಲ. ದೇವರ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಗೆ ಬಂದು, ಬಸವಣ್ಣನವರು ಹುಟ್ಟಿದ ಊರೆಂದು ಇಳಿದು ದೇವರಿಗೆ ಕೈ ಮುಗಿದೆವು. ಅವರು ಹುಟ್ಟಿದ ಊರಿಂದ ಹೊರಟು ಐಕ್ಯವಾದ ಊರಿಗೆ ಅದೇ ದಿನ ಮುಟ್ಟುವುದು ನಮ್ಮ ಕಾಲದ ಸೌಕರ್ಯ. ಅವರಿಗೆ ಅದು ಒಂದು ಜೀವಮಾನದ ಹಾದಿಯಾಗಿತ್ತು.

ನಿಡಗುಂದಿಯ ಮೇಲಿಂದ ಮಧ್ಯಾಹ್ನಕ್ಕೆ ಆಲಮಟ್ಟಿ. ಅಲ್ಲಿಯ ಉದ್ಯಾನಗಳನ್ನೂ ಕಾರಂಜಿಗಳನ್ನೂ ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಆದುದರಿಂದ ಅವುಗಳ ವರ್ಣನೆಗೆ ಕೈ ಹಾಕುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಇಲ್ಲಿ ಅಡಿಗಲ್ಲು ಬಿದ್ದುದು 1964ರ ಮೇ 22ರಂದು, ಲಾಲ್ ಬಹಾದೂರ್ ಶಾಸ್ತ್ರಿಗಳ ಕೈಯಿಂದ. ಆಗಿನ್ನೂ ಅವರು ಪ್ರಧಾನಿಯಾಗಿರಲಿಲ್ಲ. ಮುಂದಿನ ತಿಂಗಳಲ್ಲಿಯೇ ಆದರು. ಯೋಜನೆಯ ಎರಡು ಜಲಾಶಯಗಳಲ್ಲಿ ಕೆಳಗಿನದಾದ ನಾರಾಯಣಪುರದ ಬಸವಸಾಗರ ಮೊದಲು ಮುಗಿಯಿತು. ಮೇಲಿನದಾದ ಆಲಮಟ್ಟಿಯ ಲಾಲ್ ಬಹಾದೂರ್ ಶಾಸ್ತ್ರಿ ಸಾಗರ ಲೋಕಾರ್ಪಣೆಯಾಗುವಷ್ಟರಲ್ಲಿ 2006 ಬಂದಿತ್ತು. ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದಿದ್ದರು. ಅಡಿಗಲ್ಲಿನಿಂದ ಲೋಕಾರ್ಪಣೆಯವರೆಗೆ ನಲವತ್ತೆರಡು ವರ್ಷ! ಅಡಿಗಲ್ಲಿನ ದಿನ ತೊಟ್ಟಿಲಲ್ಲಿದ್ದ ಕೂಸು ಆ ಹೊತ್ತಿಗೆ ನಡುವಯಸ್ಸು ಮುಟ್ಟಿರಬೇಕು.

ಮಗಳು ಸಂಗೀತದ ಕಾರಂಜಿಯನ್ನು ನೋಡಿಯೇ ಹೊರಡಬೇಕೆಂದು ಹಟ ಹಿಡಿದಳು. ಅವ್ವ ಮಾತ್ರ ಕಾರಂಜಿಯ ಕಡೆ ಬೆನ್ನು ಮಾಡಿ ಅಣೆಕಟ್ಟಿನ ಗೋಡೆಯನ್ನೇ ನೋಡುತ್ತ ಕೂತಿದ್ದಳು. “ಇದರಾಗ ಎಷ್ಟು ಊರು ಹೋದುವು?” ಎಂದು ಕೇಳಿದಳು. ಒಂದೆರಡಲ್ಲವೆಂದೆ. ಹಳೆಯ ಬಾಗಲಕೋಟೆ ಪಟ್ಟಣದ ಎಷ್ಟೋ ಓಣಿಗಳು ನೀರಿಗೆ ಹೋಗಿ ನವನಗರವೆಂಬ ಹೊಸ ಊರು ಎದ್ದುದನ್ನು ಹೇಳಿದೆ. ಅವಳು ಮುಂದೆ ಏನೂ ಕೇಳಲಿಲ್ಲ.

ರಾತ್ರಿಗೆ ಸಂಗಮದ ವಸತಿಗೃಹವನ್ನು ಸೇರಿದೆವು. ಕಾರ್ತಿಕ ಮಾಸ, ಗುಡಿಯ ಸುತ್ತ ಹಣತೆಗಳು. ಮಲಪ್ರಭೆಯೂ ಕೃಷ್ಣೆಯೂ ಕೂಡುವ ಸ್ಥಳವಿದು. ಮಳೆಗಾಲ ಮುಗಿದ ಈ ದಿನಗಳಲ್ಲಿ ಹಿನ್ನೀರು ತುಂಬಿ ನಿಂತಿರುವುದರಿಂದ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಮೊದಲಾಯಿತೆಂದು ಹೇಳುವಂತಿಲ್ಲ. ಯಾತ್ರಿಕರ ಗದ್ದಲ ಅಡಗಿದ ಮೇಲೆ ಸೋಪಾನದ ಮೇಲೆ ಕೂತೆವು. ನೀರು ಕಲ್ಲಿಗೆ ಬಂದು ಮುಟ್ಟಿ ಹಿಂದಿರುಗುವ ಸಪ್ಪಳವೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ವಿದ್ಯಾರ್ಥಿ ಬರೆದಿದ್ದ ಮೌನ ಇದೇ ಇರಬೇಕೆನ್ನಿಸಿತು. ಪರೀಕ್ಷೆಯ ಉತ್ತರಪತ್ರಿಕೆಗಳು, ಬೆಳೆಸಾಲದ ಕಂತು, ಮನೆಯ ಸೋರುವ ಮಾಳಿಗೆ—ಎಲ್ಲವೂ ಎಷ್ಟೋ ದೂರದವರ ಸಂಗತಿಗಳಂತೆ ತೋರಿದುವು. ಶ್ರೀಮತಿ ಆ ವರ್ಷದಲ್ಲಿಯೇ ಮೊದಲ ಸಲ ಅರ್ಧ ತಾಸು ಏನನ್ನೂ ಮಾಡದೆ ಕೂತಿದ್ದಳು. ವಿಶ್ರಾಂತಿಯೆಂದರೆ ಇದೇ ಎಂದುಕೊಂಡೆ.

ರವಿವಾರ ಬೆಳಗಾಗುತ್ತಲೇ ಚಾಲುಕ್ಯ ಶೈಲಿಯ ಸಂಗಮೇಶ್ವರ ಗುಡಿಯ ದರ್ಶನ ತೆಗೆದುಕೊಂಡು ನಡುಗಡ್ಡೆಗೆ ಹೊರಟೆವು. ನಾನು ನಡುಗಡ್ಡೆಯೆಂದುದು ಐಕ್ಯಮಂಟಪವನ್ನು. ಅಣೆಕಟ್ಟಿಗಿಂತ ಮೊದಲು ಅದು ಹೊಳೆಯ ದಂಡೆಯ ನೆಲದ ಮೇಲಿದ್ದ ಒಂದು ಪುಟ್ಟ ಕಲ್ಲುಮಂಟಪ. ಬಸವಸಾಗರದ ಪೂರ್ಣ ಮಟ್ಟ 492.25 ಮೀಟರು, ಅಷ್ಟು ನೀರು ನಿಂತರೆ ಮಂಟಪ ಮುಳುಗುವುದು ಖಂಡಿತ. ಆದುದರಿಂದ ಅದರ ಸುತ್ತ ದುಂಡಗೆ, ಒಂದು ದೊಡ್ಡ ಬಾವಿಯಂತೆ, ಎತ್ತರವಾದ ಗೋಡೆಯನ್ನು ಕಟ್ಟಿದರು. ದಂಡೆಯಿಂದ ಅಲ್ಲಿಗೆ ಸೇತುವೆ ಹಾಕಿದರು. ಬಾವಿಯ ಲೆಕ್ಕ ಇಲ್ಲಿ ತಿರುಗುಮುರುಗು. ಬೇರೆ ಬಾವಿಗಳಲ್ಲಿ ಸುತ್ತಲೂ ನೆಲ, ಒಳಗೆ ನೀರು. ಇಲ್ಲಿ ಸುತ್ತಲೂ ನೀರು, ಒಳಗೆ ಒಣಗಿದ ನೆಲ. ಮೆಟ್ಟಿಲು ಇಳಿದಿಳಿದು ತಳಕ್ಕೆ ಹೋದರೆ ಅಲ್ಲಿ ಮಂಟಪ, ಅದರೊಳಗೆ ಲಿಂಗ.

ಅವ್ವ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದು ಕೈಯಲ್ಲಿ ಗೋಡೆಯನ್ನೂ ಹಿಡಿದು ಇಳಿದಳು. ನಮಸ್ಕಾರ ಮಾಡಿದಳು. ಎಲ್ಲರೂ ಮೇಲೆ ಹತ್ತತೊಡಗಿದರೂ ಅವಳು ಕದಲಲಿಲ್ಲ. ಅಂಗೈಯನ್ನು ಗೋಡೆಯ ಮೇಲಿಟ್ಟು ನನ್ನನ್ನು ಕೇಳಿದಳು:

“ತಮ್ಮಾ, ಈ ಗ್ವಾಡಿ ಆಚೀಕ ನೀರು ಎಲ್ಲಿತನಾ ಐತಿ?”

“ನಮ್ಮ ತಲಿ ಮ್ಯಾಲ ಐತಿ, ಅವ್ವಾ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇವರಿಗೆ ಒಂದು ಗ್ವಾಡಿ ಕಟ್ಟ್ಯಾರ. ಛಲೋ ಆತು” ಎಂದಳು. ಅನಂತರ ತನಗೆ ತಾನೇ ಹೇಳಿಕೊಂಡಂತೆ: “ನಮ್ಮ ಮನಿ ಹೊಚ್ಚಲದ ಮ್ಯಾಲೂ ಇಷ್ಟ ನೀರು ಇರಬೇಕು.”

ನನಗೆ ಮಾತು ಹೊರಡಲಿಲ್ಲ. ನೀರಿನ ಮಟ್ಟವನ್ನು ನಾನು ಮೀಟರಿನಲ್ಲಿ ಬಲ್ಲೆ. ಅವಳು ಹೊಸ್ತಿಲಿನಿಂದ ಅಳೆಯುತ್ತಿದ್ದಳು.

ಮರಳುವಾಗ ಬಂದ ಹಾದಿಯನ್ನು ಬಿಟ್ಟು, ಧನ್ನೂರಿನ ಬಳಿ ಸೇತುವೆಯಿಂದ ಕೃಷ್ಣೆಯನ್ನು ದಾಟಿ ಮುದ್ದೇಬಿಹಾಳದ ಕಡೆಗೆ ಹೊರಳಿದೆವು. ಸೇತುವೆಯ ಆಚೆ ದಂಡೆಯಲ್ಲಿ ತಂಗಡಗಿ. ಅದು ಬಸವಣ್ಣನವರ ಪತ್ನಿ ನೀಲಮ್ಮನವರು ಐಕ್ಯವಾದ ಸ್ಥಳ. ಕಲ್ಯಾಣದ ಗಲಭೆಯ ತರುವಾಯ ಸಂಗಮಕ್ಕೆ ಬಂದ ಬಸವಣ್ಣನವರು ನೀಲಮ್ಮನವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರಂತೆ. ಅವರೊಡನೆ ಬಂದ ನೀಲಮ್ಮನವರು ಇಲ್ಲಿಯವರೆಗೆ ಬಂದು ನಿಂತರು. ಅಲ್ಲಿರುವ ದೇವರು ಇಲ್ಲಿಯೂ ಇಲ್ಲವೆ, ಹೊಳೆ ದಾಟುವುದು ಏತಕ್ಕೆ ಎಂದು ಕೇಳಿ, ಈ ದಂಡೆಯಲ್ಲಿಯೇ ಲಿಂಗೈಕ್ಯರಾದರೆಂಬುದು ನಮ್ಮ ಕಡೆಯ ನಂಬಿಕೆ. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನೀಲಮ್ಮನ ಪ್ರಶ್ನೆಯಲ್ಲಿಯ ತತ್ತ್ವವನ್ನು ವಿವರಿಸಿ ಪರೀಕ್ಷೆಗೆ ಐದು ಅಂಕದ ಪ್ರಶ್ನೆಯನ್ನಾಗಿಯೂ ಹಾಕಿದ್ದೇನೆ. ಅಂದು ಆ ದಂಡೆಯಲ್ಲಿ ನಿಂತಾಗ, ಆ ಪ್ರಶ್ನೆ ನನಗೇ ಬಿದ್ದಂತಾಯಿತು. ಮಾಲ್ಟಾದ ಕಾರ್ಡನ್ನು ಗೂಡಿನಲ್ಲಿಟ್ಟು ನೋಡುತ್ತಿದ್ದವರು ನಾವು. ನಮ್ಮ ಮನೆಯ ಮನುಷ್ಯಳೊಬ್ಬಳ ಊರು ಒಂದು ಹಗಲಿನ ಹಾದಿಯಲ್ಲಿ ನೀರಿನೊಳಗಿದೆಯೆಂಬುದನ್ನು ನೋಡಿರಲಿಲ್ಲ.

ದಂಡೆಯಲ್ಲಿ ಮೀನುಗಾರನೊಬ್ಬ ತೆಪ್ಪವನ್ನು ಎಳೆದು ನಿಲ್ಲಿಸಿ ಬಲೆ ಬಿಡಿಸುತ್ತಿದ್ದ. ಅವ್ವ ಸೆರಗು ಸರಿಪಡಿಸಿಕೊಂಡು ಅವನ ಬಳಿಗೆ ನಡೆದಳು. ತನ್ನ ಊರಿನ ಹೆಸರು ಹೇಳಿದಳು.

“ಆ ಹಳೇ ಊರೇನ್ರಿ ಆಯಿ? ಅಕಾ ನೋಡ್ರಿ, ಆ ಬಗಲಿಗೆ” ಎಂದು ಅವನು ನೀರಿನ ಮೇಲೆ ಕೈ ತೋರಿದ. “ಅಲ್ಲಿ ಬಲಿ ಬಿಟ್ರ ಹಳೇ ಗ್ವಾಡಿಗೆ ಸಿಕ್ಕೊಂಡು ಹರೀತಾವ್ರಿ. ಆದ್ರ ಮೀನ ಭಾಳ ಬೀಳ್ತಾವ.”

ಅವನು ತೋರಿಸಿದ ಕಡೆ ನೋಡಿದೆವು. ನೀರು, ನೀರಿನ ಮೇಲೆ ಬಿಸಿಲು, ಒಂದು ಬೆಳ್ಳಕ್ಕಿ. ಬೇರೇನೂ ಇಲ್ಲ. ಗೋಜೋದ ಚಿತ್ರದಲ್ಲಿದ್ದುದಕ್ಕಿಂತ ಯಾವ ವಿಧದಲ್ಲಿಯೂ ಕಡಿಮೆಯಲ್ಲದ ನೀಲಿ. ಅವ್ವ ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ನಕ್ಕಳು! “ನಮ್ಮ ಮನ್ಯಾಗ ಎಂದೂ ಮೀನ ಒಲಿ ಮುಂದ ಬರಲಿಲ್ಲ. ಈಗ ಅವೇ ಬಂದು ಅಡಗಿಮನ್ಯಾಗ ಸಂಸಾರ ಹೂಡ್ಯಾವ” ಎಂದಳು. ಮೀನುಗಾರನೂ ನಕ್ಕ. ಅನಂತರ ಅವಳು ಒಂದು ಕಲ್ಲಿನ ಮೇಲೆ ಕೂತು ಮೊಮ್ಮಗಳಿಗೆ ತೋರಿಸತೊಡಗಿದಳು. ಅಲ್ಲಿ ಅಗಸೆ ಬಾಗಿಲು. ಅದರ ಎಡಕ್ಕೆ ಹಣಮಪ್ಪನ ಗುಡಿ. ಗುಡಿಯ ಮುಂದೆ ಬೇವಿನ ಮರ. ಪಂಚಮಿಯ ಜೋಕಾಲಿಯನ್ನು ಅದಕ್ಕೇ ಕಟ್ಟುತ್ತಿದ್ದರು. ಜೋರಾಗಿ ಜೀಕಿದರೆ ಹೊಳೆಯ ಆಚೆ ದಂಡೆ ಕಾಣುತ್ತಿತ್ತು. ಮರದಿಂದ ಮೂರನೆಯ ಮನೆ ನಮ್ಮದು. ನಿಮ್ಮ ಅತ್ತಿ ಹುಟ್ಟಿದ್ದು ಅದರ ನಡುಮನೆಯಲ್ಲಿ. ಮಗಳು ಅವಳ ಬೆರಳನ್ನೇ ಅನುಸರಿಸಿ, ಕಾಣದುದನ್ನೆಲ್ಲ ಕಂಡವಳಂತೆ ತಲೆಯಾಡಿಸುತ್ತಿದ್ದಳು. ನಾವು ಒಂದು ತಾಸಿಗೂ ಮಿಕ್ಕಿ ಅಲ್ಲಿ ಕೂತೆವು. ಬುತ್ತಿಯನ್ನು ಅಲ್ಲಿಯೇ ಬಿಚ್ಚಿದೆವು. ಬೇಡವೆಂದರೂ ಬಿಡದೆ ಅವ್ವ ಆ ಮೀನುಗಾರನಿಗೂ ಎರಡು ರೊಟ್ಟಿ ಕೊಟ್ಟಳು. ತವರಿನಲ್ಲಿ ಉಂಡವರು ನಾವಾದರೂ ಬಡಿಸಿದವಳು ಅವಳೇ.

ನನ್ನ ವಿದ್ಯಾರ್ಥಿ ಮೆಚ್ಚಿ ಬರೆದ ಆ ಗೋಜೋ ದ್ವೀಪಕ್ಕೆ ಒಂದು ಪುರಾತನ ಕಥೆಯ ನಂಟುಂಟು. ಗ್ರೀಕರ ಮಹಾಕವಿ ಹೋಮರನ ಕಾವ್ಯದಲ್ಲಿ, ಯುದ್ಧ ಮುಗಿಸಿ ಮನೆಗೆ ಹೊರಟ ಒಡಿಸ್ಯೂಸನನ್ನು ಕ್ಯಾಲಿಪ್ಸೋ ಎಂಬ ಅಪ್ಸರೆ ತನ್ನ ದ್ವೀಪದಲ್ಲಿ ಏಳು ವರ್ಷ ಇರಿಸಿಕೊಂಡಳು. ಆ ದ್ವೀಪ ಗೋಜೋವೇ ಎಂದು ಅಲ್ಲಿಯವರು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಅಲ್ಲಿ ಹಣ್ಣಿತ್ತು, ಹೂವಿತ್ತು, ಚೆಲುವೆಯಿದ್ದಳು, ಸಾವಿಲ್ಲದ ಬಾಳಿನ ಆಮಿಷವೂ ಇತ್ತು. ಆದರೂ ಆ ವೀರ ದಿನವೂ ಸಮುದ್ರದ ದಂಡೆಗೆ ಹೋಗಿ ಕೂತು, ತನ್ನ ಕಲ್ಲುಗಾಡಿನ ಪುಟ್ಟ ದ್ವೀಪವನ್ನು ನೆನೆದು ಅಳುತ್ತಿದ್ದನಂತೆ. ಎರಡು ದಿನದ ಅತಿಥಿಗೆ ವಿಶ್ರಾಂತಿ ಕೊಡುವ ದಂಡೆ, ಮನೆಯನ್ನು ಕಳೆದುಕೊಂಡವನಿಗೆ ಬೇರೆಯೇ ಆಗಿ ಕಾಣುತ್ತದೆ. ಒಡಿಸ್ಯೂಸನ ಊರು ಮಾತ್ರ ನೀರಿನ ಮೇಲಿತ್ತು. ಅವನು ಕೊನೆಗೂ ಹೋಗಿ ಸೇರಿದ.

ಅಣೆಕಟ್ಟುಗಳನ್ನು ಕಟ್ಟಬಾರದಿತ್ತೆಂದು ನಾನು ಬರೆಯುತ್ತಿಲ್ಲ. ಬರೆಯುವ ಬಾಯಿ ನನಗಿಲ್ಲ, ಏಕೆಂದರೆ ಆ ನೀರನ್ನು ಉಣ್ಣುತ್ತಿರುವವರು ನಾವೇ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಒಡೆದು ಬರುವ ಇಂಡಿ ಶಾಖಾ ಕಾಲುವೆ ಸಿಂದಗಿ ತಾಲೂಕನ್ನು ಹಾಯ್ದು ನಮ್ಮ ಸೀಮೆಗೆ ಬರುತ್ತದೆ. ನಾವಿರುವುದು ಕಾಲುವೆಯ ಬಾಲದ ತುದಿಯಲ್ಲಿ. ಒಮ್ಮೆ ನೀರು ಬಂದರೆ ಒಮ್ಮೆ ಬಾರದು. ಬಾರದ ಬೇಸಿಗೆಯಲ್ಲಿ ಲಿಂಬೆಯ ಗಿಡಗಳನ್ನು ಟ್ಯಾಂಕರಿನ ನೀರು ಹಾಕಿ ಬದುಕಿಸಿದವರು ನಮ್ಮ ತಾಲೂಕಿನಲ್ಲಿ ಮನೆಗೊಬ್ಬರು ಸಿಕ್ಕಾರು. ಹೀಗಿರುವಾಗ ಹರಿದು ಬಂದ ಒಂದೊಂದು ಕೊಡ ನೀರೂ ನಮಗೆ ಅಮೃತವೇ. ಆದರೆ ಆ ಅಮೃತಕ್ಕೆ ಬೆಲೆ ತೆತ್ತವರು ಯಾರೆಂದು ನಾವು ಕೇಳಿದುದುಂಟೆ? ನನ್ನ ವಿಷಯದಲ್ಲಿ ಹೇಳುವುದಾದರೆ, ಬೆಲೆ ತೆತ್ತವಳು ನಮ್ಮ ಮನೆಯಲ್ಲಿಯೇ ರೊಟ್ಟಿ ಬಡಿಯುತ್ತಿದ್ದಳು. ನಾನು ಕೇಳಿರಲಿಲ್ಲ.

ಈ ಲೆಕ್ಕ ಇನ್ನೂ ಮುಗಿದಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನಿಲ್ಲುವ ನೀರನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅನುಮತಿ ಕೊಟ್ಟಿತು. ಆ ನಾಲ್ಕೂವರೆ ಮೀಟರಿನ ಎತ್ತರದಲ್ಲಿ ನಮ್ಮಂಥ ಒಣಭೂಮಿಯವರ ಬಾಯಾರಿಕೆಯ ಆಸೆಯೂ ಇದೆ, ಮತ್ತಷ್ಟು ಊರುಗಳ ಅಗಸೆ ಬಾಗಿಲುಗಳೂ ಇವೆ. ಮುಳುಗಡೆಯಾಗದೆಯೂ ಸಂಕಟಪಡುವವರುಂಟು. ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿಗಳಂಥ ನಡುಗಡ್ಡೆಗಳಲ್ಲಿ ಸಂಸಾರಗಳು ಬಾಳುತ್ತಿವೆ. ಹೊಳೆ ತುಂಬಿ ನಾರಾಯಣಪುರದಿಂದ ನೀರು ಬಿಟ್ಟಾಗ ಅವಕ್ಕೆ ದಂಡೆಯ ಸಂಪರ್ಕವೇ ತಪ್ಪುತ್ತದೆ. 2019ರ ನೆರೆಯಲ್ಲಿ ಹಾಗೆಯೇ ಆಯಿತು. ನಮಗೆ ನಡುಗಡ್ಡೆಯೆಂದರೆ ವಿಹಾರ. ಅವರಿಗೆ ಅದು ಕಾಯಿಲೆಯವರನ್ನು ದವಾಖಾನೆಗೆ ದಾಟಿಸುವ ಚಿಂತೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ಸಣ್ಣ ಬಿನ್ನಹ. ಹಿನ್ನೀರಿನ ದಂಡೆಗೆ ವಿಹಾರಕ್ಕೆ ಹೋಗಿರಿ, ಅವಶ್ಯವಾಗಿ ಹೋಗಿರಿ. ಬುತ್ತಿ ಕಟ್ಟಿಕೊಂಡು ಹೋಗಿ, ಮಕ್ಕಳನ್ನು ಆಡಲು ಬಿಡಿರಿ. ಅದು ಆಲಮಟ್ಟಿಯಾಗಿರಲಿ, ಲಿಂಗನಮಕ್ಕಿಯಾಗಿರಲಿ, ತುಂಗಭದ್ರೆಯಾಗಿರಲಿ. ಆದರೆ ಹೊರಡುವ ಮೊದಲು ದಂಡೆಯಲ್ಲಿರುವ ಮುದುಕರಲ್ಲಿ ಯಾರನ್ನಾದರೂ ಒಂದು ಮಾತು ಕೇಳಿರಿ: ಇಲ್ಲಿ ಯಾವ ಊರಿತ್ತು? ಅವರು ಹೇಳುವ ಹೆಸರನ್ನು ಮಕ್ಕಳಿಗೆ ಹೇಳಿಕೊಡಿರಿ. ಇದಕ್ಕೆ ಟಿಕೇಟಿನ ಖರ್ಚಿಲ್ಲ.

ನಾವು ಊರು ಮುಟ್ಟಿದಾಗ ರಾತ್ರಿಯಾಗಿತ್ತು. ಮೂರು ದಿನಗಳ ಮೇಲೆ ನಮ್ಮ ಹೊಲಕ್ಕೆ ಸರದಿಯ ನೀರು ಬಂದಿತು. ನೀರು ಬಂದ ದಿನ ಅವ್ವ ಕಾಲುವೆಗೆ ಹೋಗಿ ಅರಿಸಿನ ಕುಂಕುಮ ಏರಿಸಿ, ಒಂದು ಕುಪ್ಪಸದ ಖಣ, ಐದು ಉತ್ತತ್ತಿ, ಒಂದು ಹಿಡಿ ಅಕ್ಕಿ ಇಟ್ಟು ಬರುವುದು ನಾನು ಚಿಕ್ಕಂದಿನಿಂದ ಕಂಡ ಪದ್ಧತಿ. ಗಂಗವ್ವನ ಪೂಜೆಯೆಂದು ತಿಳಿದಿದ್ದೆ. ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ಈ ಸಲ ಮಗಳು ಅವಳ ಹಿಂದೆಯೇ ಓಡಿದಳು, ನಾನೂ ಹೋದೆ. ಲಿಂಬೆಯ ಗಿಡಗಳ ಬುಡಕ್ಕೆ ನೀರು ನಿಧಾನವಾಗಿ ಹಾಯುತ್ತಿತ್ತು.

“ಆಯಿ, ಇದು ಯಾರಿಗೆ ಉಡಿ ತುಂಬೂದು?” ಎಂದು ಮಗಳು ಕೇಳಿದಳು.

ಅವ್ವ ಖಣವನ್ನು ನೀರಿನ ಅಂಚಿಗಿಟ್ಟು, ಕೈ ತೊಳೆದುಕೊಳ್ಳುತ್ತ ಹೇಳಿದಳು: “ನಮ್ಮ ತವರಮನಿಯವರು ಇಷ್ಟು ದೂರ ಬಂದಾರಲ್ಲವ್ವಾ. ಬರಿಗೈಲೆ ಕಳಸಾಕ ಆಗತೈತೇನು?”

ಮಾಲ್ಟಾದ ಪತ್ರಕ್ಕೆ ಉತ್ತರ ಬರೆಯುವುದು ಇನ್ನೂ ಬಾಕಿಯಿದೆ.